ನಿಮ್ಮ ವಯಸ್ಸು ಕೇಳದ ಪಾಲಿಸಿ: ಜೀಪು, ಇನ್ಶೂರೆನ್ಸ್ ಮತ್ತು ಹಿಂದಿನ ಸೀಟಿನವರ ಕಥೆ

ಇತ್ತೀಚೆಗೆ ನಿಮ್ಮಲ್ಲಿ ಹಲವರು ಕೇಳ್ತಿರೋ ಪ್ರಶ್ನೆ ಒಂದೇ: "ಮೊದಲ ಗಾಡಿಯೇ ಫೋರ್ ಬೈ ಫೋರ್ ತಗೋಬೇಕು ಅಂತಿದ್ದೀನಿ. ಯಾವುದು ತಗೊಳ್ಲಿ? ಇನ್ಶೂರೆನ್ಸ್ ಎಷ್ಟಾಗುತ್ತೆ?" ಇದು ಇತಿಹಾಸದ ಪಾಡ್‌ಕಾಸ್ಟ್, ಗಾಡಿ ರಿವ್ಯೂ ಚಾನೆಲ್ ಅಲ್ಲ. ಆದರೂ ಈ ಪ್ರಶ್ನೆ ಬಿಡೋಕೆ ಮನಸ್ಸಾಗಲಿಲ್ಲ. ಯಾಕಂದ್ರೆ ಆ ಇನ್ಶೂರೆನ್ಸ್ ಕೊಟೇಶನ್ ಹಾಳೆ ಇದೆಯಲ್ಲ, ಅದೇ ಒಂದು ಇತಿಹಾಸದ ಪುಸ್ತಕ.

ಆ ಹಾಳೆಯಲ್ಲಿ ಲೆಕ್ಕಕ್ಕೆ ಬರೋದು ಏನೇನು ನೋಡಿ. ಇಂಜಿನ್ ಎಷ್ಟು ಸಿಸಿ, ಗಾಡಿ ಯಾವ ವರ್ಷದ್ದು, ಯಾವ ಊರಲ್ಲಿ ರಿಜಿಸ್ಟರ್ ಆಗಿದೆ, ಬೆಲೆ ಎಷ್ಟು. ಬ್ರಿಟನ್ನಿನಲ್ಲಿ ಹತ್ತೊಂಬತ್ತರ ಹುಡುಗ ಗಾಡಿ ತಗೊಂಡರೆ ಕಂಪನಿ ಮೊದಲು ನೋಡೋದು ಅವನ ವಯಸ್ಸು, ಎಷ್ಟು ವರ್ಷದಿಂದ ಓಡಿಸ್ತಿದ್ದಾನೆ ಅನ್ನೋದು. ಹೊಸಬರಿಗೆ ಅಲ್ಲಿ ಪ್ರೀಮಿಯಂ ಬರೆ ಹಾಕಿದ ಹಾಗೆ ಬೀಳುತ್ತೆ. ನಮ್ಮಲ್ಲಿ ಕಡ್ಡಾಯವಾದ ಥರ್ಡ್ ಪಾರ್ಟಿ ದರದಲ್ಲಿ ವಯಸ್ಸಿಗೆ ಜಾಗವೇ ಇಲ್ಲ. ನಿನ್ನೆ ಲೈಸೆನ್ಸ್ ತಗೊಂಡವನಿಗೂ ಮೂವತ್ತು ವರ್ಷ ಘಾಟಿ ಓಡಿಸಿದವರಿಗೂ ಒಂದೇ ರೇಟು. ಅಗ್ಗವಾಯ್ತಲ್ಲ ಅಂತ ಖುಷಿಪಡಬಹುದು. ಆದರೆ ಕಾಮರ್ಸ್ ಓದಿದವಳಾಗಿ ಒಂದು ಮಾತು ಹೇಳ್ತೀನಿ: ಪ್ರೀಮಿಯಂ ಅನ್ನೋದು ಬರೀ ಖರ್ಚಲ್ಲ, ಅದೊಂದು ಎಚ್ಚರಿಕೆ ಕೂಡ. ನಮ್ಮ ಹಾಳೆ ಹೊಸ ಡ್ರೈವರಿಗೆ ಆ ಎಚ್ಚರಿಕೆ ಕೊಡೋದಿಲ್ಲ. ಯಾಕೆ ಹೀಗಾಯ್ತು ಅಂತ ತಿಳಿಯೋಕೆ ಮೊದಲು ಜೀಪಿನಿಂದ ಶುರು ಮಾಡೋಣ.

1940ರ ಜುಲೈ. ಯುರೋಪಿನಲ್ಲಿ ಯುದ್ಧ ನಡೀತಿದೆ, ಅಮೆರಿಕ ಇನ್ನೂ ಇಳಿದಿಲ್ಲ. ಅಲ್ಲಿನ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆಯಿತು: ಹಗುರವಾದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಬೇಕು, ಮೊದಲ ಮಾದರಿಗೆ ಕೊಡೋ ಸಮಯ 49 ದಿನ. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಇಂಜಿನಿಯರ್‌ನ ಕರೆಸಿ, ಸೆಪ್ಟೆಂಬರ್ 23ರಂದು ಗಾಡಿ ತಂದು ನಿಲ್ಲಿಸಿತು. ದೊಡ್ಡ ಆರ್ಡರ್ ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಪಾಲಾಯ್ತು. ಕಷ್ಟಪಟ್ಟವರು ಒಬ್ಬರು, ಹೆಸರು ಮಾಡಿದವರು ಇನ್ನೊಬ್ಬರು. ಯುದ್ಧ ಮುಗಿಯೋ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. 1945ರಲ್ಲಿ ವಿಲ್ಲಿಸ್ ಇದನ್ನೇ ರೈತರಿಗೆ ಮಾರೋಕೆ ಶುರು ಮಾಡ್ತು. ಆ ಸಿಜೆ ಮಾಡೆಲ್ ಹೆಸರಿನ ಅರ್ಥವೇ ಸಿವಿಲಿಯನ್ ಜೀಪ್.

ಅದೇ 1945ರಲ್ಲಿ ನಮ್ಮಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಮತ್ತು ಮಲಿಕ್ ಗುಲಾಮ್ ಮುಹಮ್ಮದ್ ಸೇರಿ ಉಕ್ಕಿನ ವ್ಯಾಪಾರದ ಕಂಪನಿ ಕಟ್ಟಿದರು. ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ವಿಭಜನೆ ಆದಾಗ ಗುಲಾಮ್ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಆಮೇಲೆ ಗವರ್ನರ್ ಜನರಲ್ ಕೂಡ ಆದರು. ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯ್ತು. ವಿಲ್ಲಿಸ್‌ನಿಂದ ಬಿಡಿಭಾಗ ತರಿಸಿ ಬೊಂಬಾಯಿಯಲ್ಲಿ ಜೀಪು ಜೋಡಿಸೋಕೆ ಶುರುವಾಯ್ತು.

ಇಲ್ಲೊಂದು ಚಿಕ್ಕ ವಿಷಯಾಂತರ. ಸೆಕೆಂಡ್ ಹ್ಯಾಂಡ್ ಜೀಪು ತಗೋಬೇಕು ಅನ್ನೋರು ಕೇಳಲೇಬೇಕು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಯಾವುದು ಗೊತ್ತಾ? ಹಳೇ ಜೀಪಿನ ಖರೀದಿ! 1948ರಲ್ಲಿ ಕಾಶ್ಮೀರದ ಯುದ್ಧಕ್ಕೆ ಜೀಪು ಬೇಕಾದಾಗ, ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ರಿಪೇರಿ ಮಾಡಿದ ಜೀಪುಗಳಿಗೆ 80 ಲಕ್ಷ ರೂಪಾಯಿಯ ಕರಾರಿಗೆ ಸಹಿ ಹಾಕಿದರು. ದುಡ್ಡಿನ ಬಹುಪಾಲು ಮುಂಗಡವಾಗಿಯೇ ಹೋಯ್ತು. ಬಂದಿಳಿದದ್ದು 155 ಜೀಪು, ಅವೂ ಬಳಸೋಕೆ ಬಾರದವು. ಸಂಸತ್ತಿನಲ್ಲಿ ಗಲಾಟೆಯಾಯ್ತು. 1955ರಲ್ಲಿ ಸರ್ಕಾರ ಪ್ರಕರಣ ಮುಗೀತು ಅಂತ ಘೋಷಿಸಿತು. ಗಾಡಿ ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡಿ ಅಂತ ಮನೆಯ ಹಿರಿಯರು ಹೇಳಿದರೆ ನಗಬೇಡಿ.

ನಮ್ಮ ಕರ್ನಾಟಕದಲ್ಲಿ ಜೀಪು ಅಂದ್ರೆ ಬಹಳ ಕಾಲ ಎರಡೇ ಅರ್ಥ. ಒಂದು ಸರ್ಕಾರ, ಇನ್ನೊಂದು ತೋಟ. ಊರಿಗೆ ಜೀಪು ಬಂತು ಅಂದ್ರೆ ತಹಸೀಲ್ದಾರರೋ ಪೊಲೀಸರೋ ಫಾರೆಸ್ಟಿನವರೋ ಬಂದರು ಅಂತ. ಅಂದಹಾಗೆ ಆ ಸರ್ಕಾರಿ ಜೀಪುಗಳ ವಿಮೆ ಮಾಡೋದು ನೀವು ಟಿವಿ ಜಾಹೀರಾತಿನಲ್ಲಿ ನೋಡೋ ಕಂಪನಿಗಳಲ್ಲ, ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ಮೈಸೂರು ಸಂಸ್ಥಾನದ ನೌಕರರ ಜೀವವಿಮೆಗಾಗಿ 1891ರಲ್ಲಿ ಹುಟ್ಟಿದ ಇಲಾಖೆ ಅದು. ಇನ್ನು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಜೀಪು ಅಂದ್ರೆ ಕಾಫಿ ಮೂಟೆ, ಗೊಬ್ಬರ, ಕೂಲಿಯವರು, ಮಳೆಗಾಲದ ಕೆಸರು. ಇವೆರಡರ ನಡುವೆ ಕಮಾಂಡರ್, ಟ್ರ್ಯಾಕ್ಸ್. ಒಳಗೆ ಹತ್ತು ಜನರ ಜಾಗದಲ್ಲಿ ಹದಿನೆಂಟು, ಹಿಂದೆ ನೇತಾಡಿಕೊಂಡು ನಾಲ್ವರು. ಬಸ್ಸಿಲ್ಲದ ಊರುಗಳನ್ನ ಪೇಟೆಗೆ ಮುಟ್ಟಿಸಿದ್ದು ಅವೇ.

ಇದನ್ನೆಲ್ಲ ಹೇಳೋಕೆ ಕಾರಣ ಇದೆ. ಈ ಗಾಡಿಗಳನ್ನ ಓಡಿಸ್ತಾ ಇದ್ದದ್ದು ಸಾಮಾನ್ಯವಾಗಿ ಡ್ರೈವರ್. ಸಂಬಳದ ಡ್ರೈವರ್, ಇಲ್ಲಾ ಬಾಡಿಗೆ ಗಾಡಿಯ ಡ್ರೈವರ್. ಇಪ್ಪತ್ತೆರಡರ ಹುಡುಗ ತನ್ನದೇ ದುಡ್ಡಲ್ಲಿ, ಇಎಂಐ ಕಟ್ಟಿ, ಖುಷಿಗೋಸ್ಕರ ಜೀಪು ಕೊಳ್ಳೋದು ಆ ಲೋಕದಲ್ಲಿ ಇರಲೇ ಇಲ್ಲ. ನಮ್ಮ ವಿಮಾ ಕಾನೂನು ಹುಟ್ಟಿದ್ದು ಆ ಲೋಕದಲ್ಲಿ.

ಬ್ರಿಟನ್ 1930ರಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿತು. ಗುದ್ದಿದವನ ಹತ್ತಿರ ದುಡ್ಡಿಲ್ಲದಿದ್ದರೆ ಗುದ್ದಿಸಿಕೊಂಡವರು ಎಲ್ಲಿಗೆ ಹೋಗಬೇಕು ಅನ್ನೋದು ಅದರ ಹಿಂದಿನ ಪ್ರಶ್ನೆ. ಅದೇ ಯೋಚನೆ ನಮ್ಮ 1939ರ ಮೋಟಾರು ವಾಹನ ಕಾಯ್ದೆಗೆ ಬಂತು. ಆದರೆ ವಿಮೆಯ ಭಾಗ ಜಾರಿಯಾಗಿದ್ದು 1946ರ ಜುಲೈ 1ರಂದು. 1956ರ ತಿದ್ದುಪಡಿಯಲ್ಲಿ ಅಪಘಾತದ ಪರಿಹಾರಕ್ಕೇ ಪ್ರತ್ಯೇಕ ನ್ಯಾಯಮಂಡಳಿ ಬಂತು. 1973ರ ಜನವರಿ 1ಕ್ಕೆ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ, 107 ಕಂಪನಿಗಳು ನಾಲ್ಕಾದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ.

ಪೈಪೋಟಿಯೇ ಇಲ್ಲ ಅಂದ್ಮೇಲೆ ಗಿರಾಕಿ ಯಾರು ಅಂತ ಅಳೆಯೋ ಅಗತ್ಯ ಏನಿದೆ? ಟ್ಯಾರಿಫ್ ಅನ್ನೋ ದರಪಟ್ಟಿ ಇತ್ತು, ಎಲ್ಲರಿಗೂ ಅದೇ. ನಾನು 2002ರ ಟ್ಯಾರಿಫ್ ಪುಸ್ತಕ ಓದಿದ್ದೀನಿ. (ಹೌದು, ನನಗೆ ಬೇರೆ ಕೆಲಸ ಇಲ್ಲ.) ದೇಶವನ್ನೇ ಎರಡು ವಲಯ ಮಾಡಿದ್ದಾರೆ. ಬೆಂಗಳೂರು, ಮುಂಬೈ, ಚೆನ್ನೈ ಥರದ ಮಹಾನಗರಗಳು ಎ ವಲಯ, ಮಿಕ್ಕಿದ್ದೆಲ್ಲ ಬಿ ವಲಯ. ಹಾಗಾಗಿ ಅದೇ ಗಾಡಿ ಚಿಕ್ಕಮಗಳೂರಲ್ಲಿ ರಿಜಿಸ್ಟರ್ ಆದರೆ ಓನ್ ಡ್ಯಾಮೇಜ್, ಅಂದ್ರೆ ನಿಮ್ಮ ಗಾಡಿಗಾಗೋ ಡ್ಯಾಮೇಜಿನ ಪ್ರೀಮಿಯಂ, ಸ್ವಲ್ಪ ಕಮ್ಮಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬಂಪರ್ ಉಜ್ಜೋದು ಲೆಕ್ಕಕ್ಕಿದೆ, ಚಾರ್ಮಾಡಿಯ ತಿರುವು ಲೆಕ್ಕಕ್ಕಿಲ್ಲ! ಆಟೊಮೊಬೈಲ್ ಅಸೋಸಿಯೇಷನ್ ಸದಸ್ಯರಾದರೆ ರಿಯಾಯಿತಿ ಇದೆ. ಕಳ್ಳತನ ತಡೆಯೋ ಸಾಧನ ಹಾಕಿಸಿದರೆ ಇದೆ. ವಿಂಟೇಜ್ ಕಾರಿಗೂ ಇದೆ, ಆದರೆ 1940ರ ಡಿಸೆಂಬರ್ 31ಕ್ಕಿಂತ ಮುಂಚೆ ತಯಾರಾಗಿರಬೇಕು. ಯುದ್ಧಕಾಲದ ಜೀಪುಗಳು ಹೆಚ್ಚುಕಮ್ಮಿ ಎಲ್ಲ 1941ರಿಂದ ಈಚಿನವು, ಪಾಪ, ಗೆರೆ ಆಚೆಗೆ ಬಿದ್ದವು. ಹೊಸ ಡ್ರೈವರ್ ಅನ್ನೋ ವಿಷಯದ ಸುದ್ದಿಯೇ ಇಲ್ಲ.

ಗಾಡಿಯ ಲೋಕ ಮಾತ್ರ ಬದಲಾಗ್ತಾ ಬಂತು. 1985ರ ಕೊನೆಗೆ ಮಾರುತಿ ಜಿಪ್ಸಿ ಬಂತು. 970 ಸಿಸಿಯ ಪುಟ್ಟ ಪೆಟ್ರೋಲ್ ಇಂಜಿನ್, ಹಗುರ ಮೈ. ಸೈನ್ಯ, ಪೊಲೀಸರು, ರ‍್ಯಾಲಿ ಓಡಿಸೋರು ಎಲ್ಲರೂ ಕೊಂಡರು. ಕೆಸರಿನಲ್ಲಿ ಓಡಿಸೋದು ಕೆಲಸ ಅಲ್ಲ, ಮಜಾ ಅನ್ನೋ ಭಾವನೆ ಬೆಳೆದದ್ದರಲ್ಲಿ ಜಿಪ್ಸಿ ಪಾಲು ದೊಡ್ಡದು. 2010ರಲ್ಲಿ ಥಾರ್. ನೋಡೋಕೆ ಅಜ್ಜನ ಕಾಲದ ಜೀಪು, ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. 2020ರ ಅಕ್ಟೋಬರ್ 2ಕ್ಕೆ ಬಂದ ಎರಡನೇ ಥಾರ್ ಬೇರೆಯದೇ ಗಾಡಿ, ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ತಗೊಳ್ತು. ಟ್ರ್ಯಾಕ್ಸ್ ಮಾಡಿದ ಫೋರ್ಸ್ ಕಂಪನಿಯ ಗೂರ್ಖಾ, 2023ರಲ್ಲಿ ಆರು ಏರ್‌ಬ್ಯಾಗಿನ ಜಿಮ್ನಿ. ಓಡಿಸೋರು ಈಗ ಡ್ರೈವರ್ ಅಲ್ಲ, ನಾವು ನೀವು.

2007ರ ಜನವರಿ 1ರಿಂದ ಓನ್ ಡ್ಯಾಮೇಜ್ ದರ ಕಂಪನಿಗಳ ಕೈಗೆ ಬಂತು. ಥರ್ಡ್ ಪಾರ್ಟಿ ದರವನ್ನ ಮಾತ್ರ ಇವತ್ತಿಗೂ ಸರ್ಕಾರದ ಕಡೆಯಿಂದಲೇ ಗೊತ್ತುಮಾಡ್ತಾರೆ, ಸಿಸಿ ನೋಡಿ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 3416 ರೂಪಾಯಿ, 1500 ದಾಟಿದರೆ 7897, ಜಿಎಸ್‌ಟಿ ಬೇರೆ. ಹೊಸ ಗಾಡಿಗೆ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು: 10,640 ಅಥವಾ 24,596. ಹಾಗೆ ಒಟ್ಟಿಗೆ ಕಟ್ಟಿಸೋದಕ್ಕೂ ಒಂದು ಕಥೆಯಿದೆ. ಕೊಯಮತ್ತೂರಿನ ಮೂಳೆ ಶಸ್ತ್ರಚಿಕಿತ್ಸಕ ಎಸ್. ರಾಜಶೇಖರನ್ ರಸ್ತೆ ಸುರಕ್ಷತೆ ಬಗ್ಗೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮೊದಲ ವರ್ಷ ವಿಮೆ ಮಾಡಿಸಿ ಆಮೇಲೆ ಜನ ರಿನ್ಯೂ ಮಾಡಿಸೋದೇ ಇಲ್ಲ ಅನ್ನೋ ವಿಷಯ ಅಲ್ಲಿ ಬಂತು. 2018ರ ಜುಲೈನಲ್ಲಿ ಕೋರ್ಟ್ ಹೇಳಿತು, ಹೊಸ ಕಾರಿಗೆ ಮೂರು ವರ್ಷ, ಬೈಕಿಗೆ ಐದು ವರ್ಷ ಥರ್ಡ್ ಪಾರ್ಟಿ ಕಡ್ಡಾಯ. ಸೆಪ್ಟೆಂಬರ್ 1ರಿಂದ ಜಾರಿಯಾಯ್ತು.

ಈ ಸಿಸಿ ಗೆರೆ ಎಷ್ಟು ವಿಚಿತ್ರ ನೋಡಿ. ಜಿಮ್ನಿ 1462 ಸಿಸಿ, ಕೆಳಗಿನ ಸಾಲು. ಥಾರ್ 2.2 ಲೀಟರ್ ಡೀಸೆಲ್, ಮೇಲಿನ ಸಾಲು. ಅದೇ ಥಾರ್‌ನ 1497 ಸಿಸಿ ಡೀಸೆಲ್ ಮತ್ತೆ ಕೆಳಗಿನ ಸಾಲು, ಆದರೆ ಅದು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗೋ ಗಾಡಿ. ರಸ್ತೆಯಲ್ಲಿ ನಡೆದುಹೋಗ್ತಿರೋ ಅಜ್ಜಿಗೆ ಗುದ್ದುವಾಗ 1497ಕ್ಕೂ 2184ಕ್ಕೂ ಏನು ವ್ಯತ್ಯಾಸ? ಅಪಾಯ ಇರೋದು ಸ್ಟೇರಿಂಗ್ ಹಿಡಿದಿರೋ ಕೈಯಲ್ಲಿ. 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ನೀವು ಹೇಗೆ ಓಡಿಸ್ತೀರ ಅಂತ ನೋಡಿ ಓನ್ ಡ್ಯಾಮೇಜ್ ದರ ಹಾಕೋ ಆಡ್-ಆನ್‌ಗಳಿಗೆ ಅನುಮತಿ ಕೊಟ್ಟಿತು. ನನ್ನ ಪ್ರಕಾರ ಹೊಸ ಡ್ರೈವರುಗಳಿಗೆ ಬೇಕಾದ ದಾರಿ ಅದು. ಆದರೆ ಕಡ್ಡಾಯದ ಭಾಗವನ್ನ ಅದು ಮುಟ್ಟೋದಿಲ್ಲ.

ಈಗ ಇವತ್ತಿನ ಮುಖ್ಯ ವಿಷಯಕ್ಕೆ ಬರ್ತೀನಿ, ಸ್ವಲ್ಪ ಗಮನ ಇಟ್ಟು ಕೇಳಿ.

ಮೊದಲ ಗಾಡಿ ಅಂದ್ರೆ ಬಹಳ ಜನರಿಗೆ ಹಳೇ ಗಾಡಿ. ಹಳೇ ಎಂಎಂ 540, ಹಳೇ ಜಿಪ್ಸಿ, ಮೊದಲ ಥಾರ್. ಗಾಡಿ ಹಳೇದಾಯ್ತಲ್ಲ, ಬರೀ ಥರ್ಡ್ ಪಾರ್ಟಿ ಸಾಕು, ದುಡ್ಡು ಉಳಿಯುತ್ತೆ ಅಂತ ಏಜೆಂಟರೂ ಹೇಳ್ತಾರೆ, ಗೆಳೆಯರೂ ಹೇಳ್ತಾರೆ. ಇಂಥ ಪಾಲಿಸಿಗೆ ಕೋರ್ಟಿನ ಭಾಷೆಯಲ್ಲಿ ಆಕ್ಟ್ ಪಾಲಿಸಿ ಅಂತಾರೆ, ಕಾಯ್ದೆ ಕೇಳಿದಷ್ಟು ಮಾತ್ರ. ಈಗ ನಿಮ್ಮ ಜೀಪಿನಲ್ಲಿ ಹಿಂದೆ ನಾಲ್ವರು ಗೆಳೆಯರು. ಹಳೇ ಜೀಪಿನ ಹಿಂದಿನ ಸೀಟು ಎದುರುಬದುರು ಬೆಂಚು, ಬೆಲ್ಟ್ ಇಲ್ಲ. ಜೀಪು ಚಕ್ರಗಳ ಅಂತರಕ್ಕೆ ಹೋಲಿಸಿದರೆ ಎತ್ತರದ ಗಾಡಿ, ಓರೆಯಲ್ಲಿ ಮಗುಚೋದು ಸುಲಭ. ಮಗುಚಿತು ಅಂತಿಟ್ಟುಕೊಳ್ಳಿ. ಆ ಗೆಳೆಯರು ಥರ್ಡ್ ಪಾರ್ಟಿಯಾ?

ಯಾರನ್ನ ಕೇಳಿದರೂ ಹೌದು ಅಂತಾರೆ. 2006ರಲ್ಲಿ ತಿಲಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅಲ್ಲ ಅಂತ. ಅದು ಸ್ಕೂಟರಿನ ಹಿಂದೆ ಕೂತವರ ವಿಷಯ. ದುಡ್ಡು ಕೊಡದೆ ಸುಮ್ಮನೆ ಜೊತೆಗೆ ಬಂದವರ ಹೊಣೆಯನ್ನ ಬರೀ ಆಕ್ಟ್ ಪಾಲಿಸಿ ಹೊರೋದಿಲ್ಲ ಅಂದಿತು ಕೋರ್ಟ್. 2012ರ ಬಾಲಕೃಷ್ಣನ್ ಪ್ರಕರಣದಲ್ಲಿ ಇದು ಇನ್ನೂ ಸ್ಪಷ್ಟವಾಯ್ತು: ಕಾರಿನೊಳಗೆ ಕೂತವರಿಗೆ ಪ್ಯಾಕೇಜ್ ಪಾಲಿಸಿ, ಅಂದ್ರೆ ನಾವು ಫುಲ್ ಇನ್ಶೂರೆನ್ಸ್ ಅನ್ನೋದು, ರಕ್ಷಣೆ ಕೊಡುತ್ತೆ. ಆಕ್ಟ್ ಪಾಲಿಸಿಯ ಕಥೆ ಬೇರೆ. ಹಾಗಾದರೆ ಪರಿಹಾರ ಯಾರು ಕೊಡಬೇಕು? ಗಾಡಿಯ ಮಾಲೀಕ. ಲಕ್ಷಗಟ್ಟಲೆ ದುಡ್ಡು, ಇಪ್ಪತ್ತೆರಡನೇ ವಯಸ್ಸಿಗೆ. ಕೊಡೋಕೆ ಆಗಲ್ಲ ಅಂದ್ರೆ ಗೆಳೆಯನ ಮನೆಯವರಿಗೆ ಏನೂ ಇಲ್ಲ. 1939ರಲ್ಲಿ ರಸ್ತೆಯಲ್ಲಿ ನಡೆಯೋರನ್ನ ಉಳಿಸೋಕೆ ಬರೆದ ಕಾನೂನು, ಹಿಂದಿನ ಸೀಟಿನವರನ್ನ ಅಷ್ಟಾಗಿ ನೆನೆಸಿಕೊಂಡಿರಲಿಲ್ಲ. ಹಳೇ ಜೀಪಿಗೆ ಪ್ಯಾಕೇಜ್ ಕೊಡೋಕೆ ಕಂಪನಿ ಹಿಂದೆಮುಂದೆ ನೋಡಬಹುದು. ಐದು ವರ್ಷ ದಾಟಿದ ಗಾಡಿಯ ವಿಮಾ ಮೌಲ್ಯ ಇಬ್ಬರೂ ಮಾತಾಡಿ ಒಪ್ಪಿಕೊಳ್ಳೋದು, ಪಟ್ಟಿ ಇರೋದಿಲ್ಲ. ಅಲೆದಾಡಿ, ಕೇಳಿ. ಸಿಗಲೇ ಇಲ್ಲ ಅಂದ್ರೆ ಒಬ್ಬರೇ ಓಡಿಸಿ.

ಎರಡನೇದು, ಗಾಡಿ ಯಾರ ಹೆಸರಲ್ಲಿ? ನಮ್ಮಲ್ಲಿ ಮಗನ ಗಾಡಿ ಅಪ್ಪನ ಹೆಸರಲ್ಲಿ ಇರೋದು ಮಾಮೂಲಿ. ಆದರೆ ಪಾಲಿಸಿ ಜೊತೆ ಬರೋ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರೋದು ಓನರ್-ಡ್ರೈವರ್‌ಗೆ. ಆರ್‌ಸಿಯಲ್ಲಿ ಹೆಸರಿದ್ದು, ಲೈಸೆನ್ಸೂ ಇರೋರಿಗೆ. ಮಗ ಓಡಿಸ್ತಿದ್ದಾಗ ಅವನಿಗೇನಾದರೂ ಆದರೆ ಅದು ಬರೋದಿಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡರೆ ಹದಿನಾಲ್ಕು ದಿನದೊಳಗೆ ಪಾಲಿಸಿಯನ್ನ ನಿಮ್ಮ ಹೆಸರಿಗೆ ಮಾಡಿಸೋಕೆ ಅರ್ಜಿ ಕೊಡಿ. ಕಾನೂನು ತಾನಾಗಿ ವರ್ಗಾಯಿಸೋದು ಥರ್ಡ್ ಪಾರ್ಟಿ ಭಾಗ ಮಾತ್ರ. ಮಾರಿದವರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತೆ, ಅದು ಗಾಡಿಯದ್ದಲ್ಲ.

ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಪ್ಯಾರಾ ಇರುತ್ತೆ, ಯಾರೂ ಓದಲ್ಲ. ಬಾಡಿಗೆಗೆ ಓಡಿಸೋ ಹಾಗಿಲ್ಲ, ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವಕ್ಕೆ ರಕ್ಷಣೆ ಇಲ್ಲ. ಏನಿದು ರಿಲಯಬಿಲಿಟಿ ಟ್ರಯಲ್? ಕಾರು ಅನ್ನೋದೇ ಹೊಸದಾಗಿದ್ದ ಕಾಲದಲ್ಲಿ, ಅದು ದಾರಿಯಲ್ಲಿ ಕೆಡದೆ ಊರು ಮುಟ್ಟುತ್ತಾ ಅಂತ ನೋಡೋಕೆ ಬ್ರಿಟನ್ನಿನ ಕ್ಲಬ್ಬುಗಳು ನಡೆಸ್ತಿದ್ದ ಓಟ. 1900ರಲ್ಲಿ ಸಾವಿರ ಮೈಲಿಯ ಟ್ರಯಲ್ ಒಂದು ನಡೆದಿತ್ತು. ಆ ಕಾಲದ ಪದ ಇವತ್ತು ಸಕಲೇಶಪುರದ ಆಫ್‌ರೋಡ್ ಸ್ಪರ್ಧೆಗೆ ಹೋಗೋ ನಿಮ್ಮ ಪಾಲಿಸಿಯಲ್ಲಿ ಕೂತಿದೆ. ಎಂಟ್ರಿ ಫೀ ಕಟ್ಟಿ, ನಂಬರ್ ಅಂಟಿಸಿಕೊಂಡು, ಟೈಮ್ ಹಾಕೋ ಕಡೆ ಹೋದಿರೋ, ಕಂಪನಿಗೆ ಕ್ಲೇಮ್ ತಳ್ಳಿಹಾಕೋಕೆ ಕಾರಣ ಕೈಗೆ ಕೊಟ್ಟ ಹಾಗೆ. ಹಳ್ಳ ದಾಟುವಾಗ ನೀರು ಇಂಜಿನ್ನಿಗೆ ನುಗ್ಗಿ, ಮತ್ತೆ ಸ್ಟಾರ್ಟ್ ಮಾಡೋಕೆ ಹೋಗಿ ಒಳಗೆ ರಾಡ್ ಬಾಗಿದರೂ ಅಷ್ಟೇ. ಇಂಜಿನ್ ಪ್ರೊಟೆಕ್ಷನ್ ಆಡ್-ಆನ್ ಇಲ್ಲದಿದ್ದರೆ ಆ ಬಿಲ್ ನಿಮ್ಮದೇ. ದೊಡ್ಡ ಟೈರು, ಬೇರೆ ಬಂಪರು ಹಾಕಿಸೋ ಆಸೆ ಇದ್ದರೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಾಡಿಯ ಮೂಲ ವಿವರ ಬದಲಿಸೋದರ ಬಗ್ಗೆ ಕೊಟ್ಟ ತೀರ್ಪನ್ನ ಒಮ್ಮೆ ನೋಡಿ. ಆರ್‌ಸಿಯಲ್ಲಿರೋ ಗಾಡಿಗೂ ಅಂಗಳದಲ್ಲಿರೋ ಗಾಡಿಗೂ ತಾಳೆಯಾಗಬೇಕು.

ಇನ್ನು ತೋಟದೊಳಗೆ ಓಡೋ ಜೀಪಿಗೆ ಕಾಗದಪತ್ರ ಬೇಡ ಅನ್ನೋ ಮಾತು ಮಲೆನಾಡಲ್ಲಿ ಕೇಳಿರ್ತೀರಿ. ಅದು ಪೂರ್ತಿ ಸುಳ್ಳಲ್ಲ. ಕಾಯ್ದೆ ಕಡ್ಡಾಯ ಮಾಡಿರೋದು ಸಾರ್ವಜನಿಕ ಸ್ಥಳದಲ್ಲಿ ಬಳಸೋ ಗಾಡಿಗೆ. ಆದರೆ ಜನರಿಗೆ ಹೋಗಿಬರೋ ಹಕ್ಕಿರೋ ಯಾವ ದಾರಿಯೂ ಸಾರ್ವಜನಿಕ ಸ್ಥಳವೇ, ಡಾಂಬರು ಇರಬೇಕು ಅಂತೇನಿಲ್ಲ. ತೋಟದ ಗೇಟು ದಾಟಿ ಪಕ್ಕದ ಮನೆಗೆ ಹೋಗೋ ಮಣ್ಣು ರಸ್ತೆಯೂ ಅದರೊಳಗೆ ಬರಬಹುದು.

ನಮ್ಮ ಅತ್ತೆ ಮಗ, ಇಪ್ಪತ್ನಾಲ್ಕು ವರ್ಷ, ಹೋದ ವರ್ಷ ಜೀಪು ಹುಡುಕ್ತಿದ್ದ. ಒಂದು ಹಳೇ ಜೀಪು ನೋಡಿ ಮನಸೋತಿದ್ದ, ಹಸಿರು ಬಣ್ಣ, ಮುಂದಿನ ಗಾಜು ಮಡಚಿ ಮಲಗಿಸಬಹುದು. ಬೆಲೆನೂ ಕೈಗೆಟುಕೋ ಹಾಗಿತ್ತು. ನಾವಿಬ್ಬರೂ ಕೂತು ಮೇಲೆ ಹೇಳಿದ್ದೆಲ್ಲ ಒಂದೊಂದಾಗಿ ಬರೆದೆವು. ಕೊನೆಗೆ ಅವನು ಕೇಳಿದ್ದು ಒಂದೇ: "ಅಕ್ಕ, ಇದರಲ್ಲಿ ಅಮ್ಮನ್ನ ಹಿಂದೆ ಕೂರಿಸಿಕೊಂಡು ಹೋಗಬಹುದಾ?" ಆ ಹಳೇ ಜೀಪಿಗೆ ಎಲ್ಲೂ ಪ್ಯಾಕೇಜ್ ಪಾಲಿಸಿ ಸಿಗಲಿಲ್ಲ, ಬೆಂಚಿಗೆ ಬೆಲ್ಟೂ ಇರಲಿಲ್ಲ. ಬಿಟ್ಟ. ನಾಲ್ಕು ವರ್ಷ ಹಳೇದಾದ, ಏರ್‌ಬ್ಯಾಗ್ ಇರೋ, ಹಿಂದಿನ ಸೀಟು ಮುಂದಕ್ಕೆ ಮುಖ ಮಾಡಿರೋ ಫೋರ್ ಬೈ ಫೋರ್ ತಗೊಂಡ, ಅವನದೇ ಹೆಸರಲ್ಲಿ, ಪ್ಯಾಕೇಜ್ ಮತ್ತು ಇಂಜಿನ್ ಪ್ರೊಟೆಕ್ಷನ್ ಸಮೇತ. ಅತ್ತೆಗೆ ಹಸಿರು ಜೀಪೇ ಚೆನ್ನಾಗಿತ್ತಂತೆ.

ಮೊನ್ನೆ ಫೋನ್ ಮಾಡಿ, ಮಳೆ ನಿಂತ ಮೇಲೆ ಎಲ್ಲರೂ ಸೇರಿ ಕೊಡಚಾದ್ರಿಗೆ ಹೋಗೋಣ ಅಂದ. ಬೆಟ್ಟದ ಬುಡದವರೆಗೆ ಅವನ ಗಾಡಿ. ಅಲ್ಲಿಂದ ಮೇಲಕ್ಕೆ ಅಲ್ಲಿಯವರ ಜೀಪು, ಹಳದಿ ಬೋರ್ಡ್ ನೋಡಿ ಹತ್ತೋದು ಅಂತ ಮಾತಾಗಿದೆ.